ಬಟ್ಟೆಯ ವಿಮಾನವೂ ನನ್ನ ಮೂಗೂ

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಇದನ್ನು ನಾಚಿಕೊಂಡು ಹೇಳುತ್ತಿಲ್ಲ. ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ನನಗೆ ಇದು ಇದೆ, ಅಷ್ಟೆ. ಹಾಲಿಗೆ ನೀರು ಬೆರೆತಿದೆಯೋ ಎಂದು ಬೆರಳು ಅದ್ದಿ ನೋಡುತ್ತೇನೆ. ಹಸು ನಮ್ಮದೇ, ಕರೆದವಳು ನಾನೇ, ಆದರೂ ನೋಡುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು "ಚಿಂತಾಮಣಿ, ಚಿಂತಾಮಣಿ" ಎಂದು ಗಂಟಲು ಹರಿದುಕೊಳ್ಳುತ್ತಿದ್ದರೂ ಬೋರ್ಡು ಓದದೆ ಹತ್ತುವುದಿಲ್ಲ. ಓದು ನನಗೆ ಅಷ್ಟಕ್ಕಷ್ಟೆ. ಒಂದೊಂದೇ ಅಕ್ಷರವನ್ನು ಕಿವಿ ಹಿಡಿದು ಎಳೆತಂದು ಪಕ್ಕದಲ್ಲಿ ಕೂರಿಸುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತದೆ. ಹೋಗಲಿ. ಆ ಬಸ್ಸು ಚಿಂತಾಮಣಿಗೇ ಹೋಯಿತು ಎಂದು ಏನು ಗ್ಯಾರಂಟಿ? ಚಿಕ್ಕಬಳ್ಳಾಪುರದ ಡಾಕ್ಟರೊಬ್ಬರು ನನ್ನ ಮೊಣಕಾಲು ನೋಡಿ "ಏನೂ ಆಗಿಲ್ಲ ಅಜ್ಜಿ, ವಯಸ್ಸಾಯ್ತು" ಎಂದರು. ಏನೂ ಆಗದಿದ್ದರೆ ಇವರು ಯಾಕೆ ಇಷ್ಟು ಹೊತ್ತು ಒತ್ತಿ ನೋಡಿದರು ಎಂದು ಅನುಮಾನ ಬಂದು ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆ. ಅವರೂ ಅದನ್ನೇ ಹೇಳಿದರು. ಇಬ್ಬರೂ ಮಾತಾಡಿಕೊಂಡಿದ್ದಾರೆ ಎಂದು ಗೊತ್ತಾಯಿತು.

ಈ ಗುಣ ನನಗೆ ಹುಟ್ಟಿನಿಂದ ಬಂದದ್ದಲ್ಲ, ರೇಷ್ಮೆ ಹುಳುವಿನಿಂದ ಬಂದದ್ದು. ಶಿಡ್ಲಘಟ್ಟದ ಸುತ್ತ ಹುಳು ಮೇಯಿಸುವ ಮನೆಗೆ ಸೊಸೆಯಾಗಿ ಬಂದವಳು ಯಾರನ್ನಾದರೂ ನಂಬಿ ಬದುಕಿದ್ದುಂಟೇ? ಹುಳುವಿನಷ್ಟು ನಾಜೂಕಿನ ಜೀವ ಇನ್ನೊಂದಿಲ್ಲ. ಸೊಳ್ಳೆ ಬತ್ತಿಯ ಹೊಗೆ ಆಗದು, ಊದುಬತ್ತಿ ಆಗದು, ಹೊಗೆಸೊಪ್ಪು ಮುಟ್ಟಿದ ಕೈ ಆಗದು. ಮಲ್ಲಿಗೆ ಎಣ್ಣೆ ಹಚ್ಚಿಕೊಂಡ ತಲೆ ಹತ್ತಿರ ಬಂದರೂ ಮೇವು ಬಿಟ್ಟು ತಲೆ ಎತ್ತಿ ಕೂರುತ್ತದೆ. ಅದಕ್ಕೇ ನಮ್ಮ ಹುಳು ಮನೆಯ ಬಾಗಿಲಲ್ಲಿ ಬಂದವರನ್ನು ನಾನು ಮೊದಲು ಮೂಸುತ್ತೇನೆ. ಆಮೇಲೆ ಚೆನ್ನಾಗಿದ್ದೀರಾ ಎಂದು ಕೇಳುತ್ತೇನೆ. ತೊಂಡೇಬಾವಿಯ ನಮ್ಮ ಅಳಿಯ ಮದುವೆಯಾದ ಹೊಸದರಲ್ಲಿ ಸೆಂಟು ಬಳಿದುಕೊಂಡು ಹುಳು ನೋಡಲು ಬಂದಿದ್ದ. "ಅಳಿಯಂದಿರೇ, ತಪ್ಪು ತಿಳೀಬೇಡಿ, ದನದ ಕೊಟ್ಟಿಗೇಲಿ ಸ್ವಲ್ಪ ಹೊತ್ತು ಕೂತಿದ್ದು ಬನ್ನಿ" ಎಂದು ಕಳಿಸಿದೆ. ಕೂತಿದ್ದು ಬಂದ. ಅವತ್ತಿನಿಂದ ಅವನು ನಮ್ಮೂರಿಗೆ ಬರುವಾಗ ಸೆಂಟು ಹಾಕುವುದಿಲ್ಲ. ನಮ್ಮೂರಿಗೆ ಬರುವುದೂ ಕಡಿಮೆ.

ಇಂಥ ನನ್ನ ಮನೆಯ ಪಕ್ಕಕ್ಕೆ ವಿಮಾನ ಬಂತು.

ಆದದ್ದು ಹೀಗೆ. ಮಗ ಮುನಿರಾಜು ತೋಟದಲ್ಲಿ ಹೊಸ ಹುಳು ಮನೆ ಕಟ್ಟಿಸಿದ ಮೇಲೆ ಅದರ ಪಕ್ಕದ ಹಳೇ ಹುಳು ಮನೆ ಖಾಲಿ ಬಿದ್ದಿತ್ತು. ಉದ್ದಕ್ಕೆ ಇದ್ದ ಶೆಡ್ಡು, ಒಳಗೆ ಕಂಬವಿಲ್ಲ, ನಾಲ್ಕೂ ಕಡೆ ಕಿಟಕಿ. ನನ್ನನ್ನು ಒಂದು ಮಾತೂ ಕೇಳದೆ ಮಗ ಅದನ್ನು ಖಾದರ್ ಸಾಬರು ಎಂಬುವವರಿಗೆ ಬಾಡಿಗೆಗೆ ಕೊಟ್ಟ. ಸಾಬರು ಶಿಡ್ಲಘಟ್ಟದವರೇ. ಅವರಪ್ಪ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ನಮ್ಮ ಗೂಡು ಕೊಳ್ಳುವವರು ಯಾವತ್ತಿಗೂ ಅವರ ಜನವೇ ಆದ್ದರಿಂದ ಅದರಲ್ಲಿ ನನಗೇನೂ ಅನುಮಾನವಿರಲಿಲ್ಲ. ಅನುಮಾನ ಬಂದದ್ದು ಅವರ ಕೆಲಸದ ಮೇಲೆ. ಎಲ್ಲೆಲ್ಲೋ ವಿಮಾನ ರಿಪೇರಿ ಮಾಡಿ ರಿಟೈರ್ ಆಗಿ ಊರಿಗೆ ಬಂದಿದ್ದಾರಂತೆ. ಈಗ ಯಾರೋ ಶ್ರೀಮಂತರ ಹಳೇ ವಿಮಾನವೊಂದನ್ನು ಇಲ್ಲಿ ತಂದು ಹೊಸದು ಮಾಡುತ್ತಾರಂತೆ.

"ಇಲ್ಲಿ ಯಾಕೆ?" ಎಂದು ಮಗನನ್ನು ಕೇಳಿದೆ.

"ಶೆಡ್ ಉದ್ದ ಇದೆ ಕಣಮ್ಮ. ರೆಕ್ಕೆ ಹಿಡಿಸುತ್ತೆ."

"ಕೋಳಿ ರೆಕ್ಕೆ ಕಡಿಯೋರೂ ಉದ್ದದ ಶೆಡ್ಡೇ ಕೇಳ್ತಾರೆ. ಹುಷಾರು."

ಲಾರಿ ಬಂತು. ಇಳಿಸಿದ್ದು ವಿಮಾನವಲ್ಲ, ವಿಮಾನದ ಮೂಳೆ. ಮರದ ಪಟ್ಟಿಗಳನ್ನು ಪಕ್ಕೆಲುಬಿನ ಹಾಗೆ ಸಾಲಾಗಿ ಜೋಡಿಸಿದ ಎರಡು ಉದ್ದನೆಯ ಏಣಿ. ಅವು ರೆಕ್ಕೆಯಂತೆ. ಕಬ್ಬಿಣದ ಕೊಳವೆಗಳ ಒಂದು ಪಂಜರ. ಅದು ಮೈಯಂತೆ. ಮಾರಿ ಹಬ್ಬ ಮುಗಿದ ಮಾರನೇ ದಿನ ಪಾತ್ರೆಯ ತಳದಲ್ಲಿ ಉಳಿದಿರುತ್ತದಲ್ಲ, ಹಾಗಿತ್ತು. ಸಾಬರು ಬಿಳಿ ಗಡ್ಡ, ಕಣ್ಣಿಗೆ ದಪ್ಪ ಕನ್ನಡಕ, ಮಾತು ಮೆತ್ತಗೆ. ಮಾತು ಮೆತ್ತಗಿರುವವರ ಮೇಲೆ ನನಗೆ ಎರಡು ಕಣ್ಣು ಜಾಸ್ತಿ.

"ಇದರ ತಗಡು ಎಲ್ಲಿ?" ಎಂದು ಕೇಳಿದೆ.

"ತಗಡು ಇಲ್ಲ ಅಮ್ಮ. ಬಟ್ಟೆ ಹೊದಿಸ್ತೀನಿ."

"ಬಟ್ಟೇನಾ?"

"ಹೂಂ. ಹತ್ತಿ ಬಟ್ಟೆ."

"ಮೇಲೆ ಹೋದಾಗ ಗಾಳಿಗೆ ಹರಿದ್ರೆ?"

"ಹರಿಯಲ್ಲ ಅಮ್ಮ. ಮೇಲೆ ಡೋಪ್ ಬಳೀತೀವಿ. ಗಟ್ಟಿಯಾಗಿ ಬಿಗಿದುಕೊಳ್ಳುತ್ತೆ."

ನಾನು ಮನೆಗೆ ಬಂದು ಸೊಸೆ ಸವಿತಾಗೆ ಹೇಳಿದೆ: "ಈ ಮನುಷ್ಯ ಟೋಪಿ ಹಾಕ್ತಾ ಇದಾನೆ. ಯಾರಿಗೆ ಅಂತ ಇನ್ನೂ ಗೊತ್ತಾಗಿಲ್ಲ." ಅವಳು ಫೋನಿನಲ್ಲಿ ನೋಡಿ, "ಇಲ್ಲ ಅತ್ತೆ, ಮೊದಲು ವಿಮಾನ ಎಲ್ಲಾ ಬಟ್ಟೇದೇ ಇತ್ತಂತೆ, ಈಗಲೂ ಚಿಕ್ಕ ವಿಮಾನ ಇದಾವಂತೆ" ಎಂದಳು. ಫೋನಿಗೆ ಏನು, ಯಾರು ಏನು ಬರೆದರೂ ತೋರಿಸುತ್ತದೆ.

ಬಟ್ಟೆಯ ಅನುಮಾನ ಹೇಗೋ ತಡೆದುಕೊಳ್ಳುತ್ತಿದ್ದೆ. ಲಾರಿಯ ಕೊನೆಯಲ್ಲಿ ಇಳಿದ ಡಬ್ಬಗಳು ನನ್ನ ನಿದ್ದೆ ಕೆಡಿಸಿದವು. ಒಂದು ಡಬ್ಬದ ಮುಚ್ಚಳದ ಹತ್ತಿರ ಸ್ವಲ್ಪ ಜಿನುಗಿತ್ತು. ಮೂಗು ಇಟ್ಟೆ. ಮದುವೆ ಮನೆಯಲ್ಲಿ ಹುಡುಗಿಯರು ಉಗುರಿಗೆ ಬಣ್ಣ ಹಚ್ಚಿಕೊಳ್ಳುವಾಗ ಒಂದು ವಾಸನೆ ಬರುತ್ತದೆ. ಒಂದು ಊರಿನ ಹುಡುಗಿಯರೆಲ್ಲ ಒಂದೇ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಹಚ್ಚಿಕೊಂಡರೆ ಹೇಗಿರುತ್ತದೋ ಹಾಗೆ ತಲೆಗೆ ಹೊಡೆಯಿತು. ಇದೇ ಆ ಡೋಪು. ಅದೇ ವಾರ ನಮ್ಮ ಹುಳು ಮೂರನೇ ಜ್ವರ ಎದ್ದಿತ್ತು. ಹುಳುವಿನ ಸಂಗತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದು ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ, ಅದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ರಾಕ್ಷಸರ ಹಾಗೆ ತಿಂದು, ಹಣ್ಣಾಗಿ, ಗೂಡು ಕಟ್ಟುತ್ತದೆ. ಆ ಕೊನೆಯ ತಿನ್ನುವ ಕಾಲದಲ್ಲಿ ಏನಾದರೂ ವಾಸನೆ ಬಡಿದರೆ ಮುಗಿಯಿತು. ಅಲ್ಲಿಯವರೆಗೆ ಕಡಿದು ಹಾಕಿದ ಸೊಪ್ಪು, ನಿದ್ದೆಗೆಟ್ಟ ಕಣ್ಣು, ಎಲ್ಲ ಗೊಬ್ಬರದ ಗುಂಡಿಗೆ. ಹೊಸ ಹುಳು ಮನೆಗೂ ಸಾಬರ ಶೆಡ್ಡಿಗೂ ನಡುವೆ ಇದ್ದದ್ದು ಒಂದು ಗಾಡಿ ಹೋಗುವಷ್ಟು ಜಾಗ.

ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೋದೆ. "ನೋಡಿ ಸಾಬ್ರೇ, ನಮ್ಮ ಹುಳು ಹಣ್ಣಾಗಿ ಚಂದ್ರಂಕಿ ಹತ್ತೋವರೆಗೂ ನಿಮ್ಮ ಡಬ್ಬದ ಮುಚ್ಚಳ ತೆಗೀಕೂಡದು." ಚಂದ್ರಂಕಿ ಎಂದರೆ ಹುಳು ಗೂಡು ಕಟ್ಟಲು ನಾವು ಬಿಡುವ ಬಿದಿರಿನ ಚಾಪೆ. ಅದನ್ನು ಅವರಿಗೆ ಹೇಳಬೇಕಾಗಿರಲಿಲ್ಲ.

ಸಾಬರು ಆಕಾಶ ನೋಡಿದರು. "ಮಳೆ ಶುರುವಾದ್ರೆ ನನ್ನ ಕೆಲಸ ಕೆಡುತ್ತೆ ಅಮ್ಮ. ಗಾಳೀಲಿ ತೇವ ಇದ್ರೆ ಡೋಪ್ ಒಣಗೋವಾಗ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತೆ."

"ನನ್ನ ಹುಳು ಸತ್ರೆ ಅದೂ ಬೆಳ್ಳಗೇ ಬಿದ್ದಿರುತ್ತೆ."

ಅವರು ಗಡ್ಡ ಸವರಿಕೊಂಡರು. "ಸರಿ ಅಮ್ಮ. ಅಲ್ಲೀವರೆಗೂ ಬಟ್ಟೆ ಹೊಲಿಯೋ ಕೆಲಸ ಮಾಡ್ಕೋತೀನಿ. ಡಬ್ಬ ಮುಟ್ಟಲ್ಲ."

ಇಷ್ಟು ಬೇಗ ಒಪ್ಪಿಕೊಂಡದ್ದೇ ನನಗೆ ಸರಿಬರಲಿಲ್ಲ. ಜಗಳ ಮಾಡದೆ ಒಪ್ಪಿಕೊಳ್ಳುವವರು ಮಾತು ಮುರಿಯುವ ದಾರಿ ಮೊದಲೇ ಹುಡುಕಿಕೊಂಡಿರುತ್ತಾರೆ. ಅದಕ್ಕೇ ಸೊಪ್ಪು ಹಾಕುವ ಹೊತ್ತು ಬಿಟ್ಟು ಮಿಕ್ಕ ಹೊತ್ತೆಲ್ಲ ಅವರ ಶೆಡ್ಡಿನ ಬಾಗಿಲಲ್ಲಿ ಕೂರುವುದು ಎಂದು ತೀರ್ಮಾನ ಮಾಡಿದೆ. ಎಲೆ ಅಡಿಕೆ ಚೀಲ ಇಟ್ಟುಕೊಂಡು, ಕಾಲು ಚಾಚಿ, ಗೋಡೆಗೆ ಒರಗಿ ಕೂತೆ. ಚೀಲದಲ್ಲಿ ಹೊಗೆಸೊಪ್ಪಿಲ್ಲ, ಹುಳುವಿಗೋಸ್ಕರ ಯಾವತ್ತೋ ಬಿಟ್ಟಿದ್ದೇನೆ. ಇದನ್ನು ಹೇಳಿಕೊಳ್ಳುವುದು ಯಾಕೆ ಎಂದರೆ ನನ್ನ ಕಡೆಯಿಂದ ಎಷ್ಟು ಎಚ್ಚರಿಕೆ ಇತ್ತು ಎಂಬುದು ತಿಳಿಯಲಿ ಎಂದು.

ಕಾವಲಿಗೆ ಕೂತವಳಿಗೆ ಕೆಲಸ ನೋಡದೆ ವಿಧಿಯಿಲ್ಲ. ಸಾಬರು ರೆಕ್ಕೆಯ ಮೂಳೆಯ ಮೇಲೆ ಮತ್ತು ಕೆಳಗೆ ಬಟ್ಟೆ ಹಾಸಿ, ದಿಂಬಿಗೆ ಗವಸು ಹಾಕಿದಂತೆ ಅಂಚು ಕೂಡಿಸಿ ಹೊಲಿದರು. ಆಮೇಲೆ ಮೊಳದುದ್ದದ ಸೂಜಿಗೆ ಮೇಣ ಉಜ್ಜಿದ ದಾರ ಪೋಣಿಸಿ, ಒಂದೊಂದು ಪಕ್ಕೆಲುಬಿಗೂ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಚುಚ್ಚಿ ಬಟ್ಟೆಯನ್ನು ಕಟ್ಟುತ್ತಾ ಹೋದರು. ಪ್ರತಿ ಹೊಲಿಗೆಗೂ ಒಂದು ಗಂಟು. ಹಾಗೇ ಓಡು ಹೊಲಿಗೆ ಹಾಕಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು.

"ಹೊಲಿಗೆ ಹೊಲಿಗೆಗೂ ಗಂಟು ಯಾಕೆ? ಕೆಲಸ ಎಳೆಯೋಕಾ?"

"ಒಂದು ದಾರ ಕಿತ್ತರೆ ಅಲ್ಲಿಗೇ ನಿಲ್ಲಲಿ ಅಂತ ಅಮ್ಮ. ಇಲ್ಲಾಂದ್ರೆ ಸರ್ರಂತ ಪೂರ್ತಿ ಬಿಚ್ಚಿಕೊಳ್ಳುತ್ತೆ."

ಕನಕಾಂಬರ ಕಟ್ಟುವಾಗ ನಾವೂ ಅದಕ್ಕೇ ಗಂಟು ಹಾಕುವುದು. ಒಳ್ಳೆಯದು ಎಂದು ಬಾಯಿಗೆ ಬಂತು, ನುಂಗಿಕೊಂಡೆ. ಹೊಗಳಿದರೆ ಜನ ಸಡಿಲವಾಗುತ್ತಾರೆ. ಅವರೋ ಹಾಗಲ್ಲ. ಒಂದು ದಿನ ನಮ್ಮ ಹುಳು ಮನೆಯ ಕಿಟಕಿಯ ಹೊರಗೆ ನಿಂತು ಒಳಗೆ ನೋಡಿ, "ಎಷ್ಟು ಚೆನ್ನಾಗಿ ಬಂದಿವೆ ಅಮ್ಮ, ಮಾಷಾ ಅಲ್ಲಾ" ಎಂದುಬಿಟ್ಟರು. ಹುಳು ಚೆನ್ನಾಗಿದೆ ಎಂದು ಬಾಯಿ ಬಿಟ್ಟು ಹೇಳುವುದುಂಟೇ? "ಕೊನೇಲಿ ಏನಂದ್ರಿ?" ಎಂದೆ. "ಕಣ್ಣು ತಾಗದೇ ಇರಲಿ ಅಂತ ಹಾಗನ್ನೋದು" ಎಂದರು. ತಾಗುವ ಕಣ್ಣು ಅಲ್ಲದಿದ್ದರೆ ಹಾಗನ್ನುವ ದರಕಾರು ಏನು? ದೃಷ್ಟಿಗೆ ಮೆಣಸಿನಕಾಯಿ ಇಳಿ ತೆಗೆದು ಸುಡೋಣವೆಂದರೆ ಹುಳುವಿಗೆ ಆ ಘಾಟೂ ಆಗದು. ಬರೀ ಉಪ್ಪು ಇಳಿ ತೆಗೆದು ನೀರಿಗೆ ಹಾಕಿದೆ.

ಹೊಲಿಗೆ ಮುಗಿದ ರೆಕ್ಕೆಯನ್ನು ಒಮ್ಮೆ ಬೆರಳಿಂದ ಒತ್ತಿ ನೋಡಿದೆ. ಬಟ್ಟೆ ಒಳಕ್ಕೆ ಹೋಯಿತು. ಒಗೆದು ಹಗ್ಗಕ್ಕೆ ಹಾಕಿದ ಪಂಚೆಯ ಹಾಗೆ ಜೋಲು ಬಿದ್ದಿತ್ತು.

"ಬೆರಳು ತೆಗೀರಿ ಅಮ್ಮ" ಎಂದರು ಸಾಬರು, ಯಾರೋ ತಮ್ಮ ಕಣ್ಣಿಗೇ ಬೆರಳು ಹಾಕಿದ ಹಾಗೆ.

"ಇದರ ಮೇಲೆ ಮನುಷ್ಯ ಕೂತು ಹಾರ್ತಾನಾ? ಇದರ ಮೇಲೆ ಸಂಡಿಗೆ ಒಣಗಿಸಬಹುದು."

"ಡೋಪ್ ಬಿದ್ರೆ ತಮಟೆ ಆಗುತ್ತೆ. ನಂಬಿಕೆ ಇಲ್ವಾ ಅಮ್ಮ?"

"ದೇವರ ಮೇಲೇ ಅಷ್ಟಕ್ಕಷ್ಟೆ. ನಿಮ್ಮ ಬಟ್ಟೆ ಮೇಲೆ ಎಲ್ಲಿಂದ ಬರುತ್ತೆ?"

ಅವರಿಗೆ ರೋಷ ಬಂತು ಅನ್ನಿಸುತ್ತದೆ. ಒಂದು ಹಳೇ ಕಿಟಕಿಯ ಚೌಕಟ್ಟಿಗೆ ಮಿಕ್ಕ ಬಟ್ಟೆ ಕಟ್ಟಿ, ನನ್ನ ಷರತ್ತಿಗೆ ತಪ್ಪಬಾರದೆಂದು ಒಂದು ಚಿಕ್ಕ ಡಬ್ಬಿ ಡೋಪನ್ನು ತೋಟದ ಆ ತುದಿಗೆ, ಪಂಪ್ ಹೌಸಿನಾಚೆ, ಗಾಳಿ ನಮ್ಮ ಕಡೆಗೆ ಬೀಸದ ಜಾಗಕ್ಕೆ ತೆಗೆದುಕೊಂಡು ಹೋಗಿ ಬಳಿದು ತೋರಿಸಿದರು. ನಾನು ಮೂಗಿಗೆ ಸೆರಗು ಹಿಡಿದು ನಿಂತು ನೋಡಿದೆ. ಬಳಿದಾಗ ಬಟ್ಟೆ ಇನ್ನೂ ಜೋತುಬಿತ್ತು. ನಗು ಬಂತು. ಆಮೇಲೆ ನಿಧಾನವಾಗಿ, ಬಾಣಂತಿ ಹೊಟ್ಟೆಗೆ ಬಟ್ಟೆ ಬಿಗಿದ ಹಾಗೆ, ಸುಕ್ಕೆಲ್ಲ ಒಳಗೊಳಗೇ ಎಳೆದುಕೊಂಡು ಬಿಗಿಯಾಯಿತು. ಅವರು ಬೆರಳಲ್ಲಿ ತಟ್ಟಿದರು. ಡಬ್ ಎಂದಿತು. ಮುಖದಲ್ಲಿ, ಈಗ ಏನಂತೀರಿ ಎಂಬ ಒಂದು ಕಳೆ.

ನಾನು ಏನನ್ನಲಿ? ಚೌಕಟ್ಟು ಅವರದು, ಬಟ್ಟೆ ಅವರದು, ಬಳಿದ ಕೈ ಅವರದು. ಸಂತೆಯಲ್ಲಿ ಚಾಕು ಮಾರುವವನು ತನ್ನ ಸೌತೆಕಾಯಿಯನ್ನೇ ಕತ್ತರಿಸಿ ತೋರಿಸುವುದು. ಮನೆಗೆ ತಂದರೆ ಆ ಚಾಕು ನಮ್ಮ ಬದನೆಕಾಯಿಯ ಮುಂದೆ ಬಾಗಿ ನಿಲ್ಲುತ್ತದೆ. ನಿಜ ತಿಳಿಯಬೇಕಾದರೆ ಸಾಮಾನು ನನ್ನದಾಗಬೇಕು, ಕೈಯೂ ನನ್ನದಾಗಬೇಕು. "ಡಬ್ಬೀಲಿ ಮಿಕ್ಕಿದ್ದು ನನಗೆ ಕೊಡಿ" ಎಂದೆ.

"ಯಾಕಮ್ಮ?"

"ಸುಮ್ನೆ. ಏನಾದ್ರೂ ಅಂಟಿಸೋಕೆ."

"ಒಲೆ ಹತ್ರ ಮಾತ್ರ ತಗೊಂಡ್ಹೋಗ್ಬೇಡಿ, ಭಗ್ ಅನ್ನುತ್ತೆ" ಎಂದು ಹೇಳಿ ಕೊಟ್ಟರು.

ಮಗನ ಹುಳು ಮನೆಯಲ್ಲಿ ಈಗ ಕಬ್ಬಿಣದ ಸ್ಟ್ಯಾಂಡು, ರೆಂಬೆ ಸಮೇತ ಸೊಪ್ಪು ಹಾಕುವ ಪದ್ಧತಿ. ನನಗೆ ಅದು ದನಕ್ಕೆ ಮೇವು ಎಸೆದಂತೆ ಕಾಣುತ್ತದೆ. ಒಂದು ಮೂಲೆಯಲ್ಲಿ ನನ್ನ ಪಾಲಿನ ಹುಳುವನ್ನು ಹಳೇ ಬಿದಿರಿನ ತಟ್ಟೆಗಳಲ್ಲೇ ಸಾಕುತ್ತೇನೆ. ಆ ತಟ್ಟೆಗಳಿಗೆ ಸಂದು ಮುಚ್ಚಲು ಸಗಣಿ ಬಳಿದು ಬಿಸಿಲಿಗೆ ಒಣಗಿಸುವುದು ನಮ್ಮ ಅತ್ತೆಯ ಕಾಲದಿಂದ ಬಂದ ರೂಢಿ. ಅಟ್ಟದ ಮೇಲೆ ತಳ ಹರಿದುಹೋದ ಒಂದು ತಟ್ಟೆ ಇತ್ತು. ನನ್ನ ಹಳೇ ಹತ್ತಿ ಸೀರೆಯ ತುಂಡೊಂದನ್ನು ಅದಕ್ಕೆ ಹೊದಿಸಿ, ಅಂಚನ್ನು ಗೋಣಿ ಹೊಲಿಯುವ ದಬ್ಬಣದಿಂದ ಹೊಲಿಗೆ ಹೊಲಿಗೆಗೂ ಗಂಟು ಹಾಕಿ ಕಟ್ಟಿದೆ. ಪಂಪ್ ಹೌಸಿನ ಹಿಂದೆ ಕೂತು ಡೋಪು ಬಳಿದೆ. ಒಣಗಿದ ಮೇಲೆ ಮತ್ತೊಂದು ಸಲ ಬಳಿದೆ. ಹುಲ್ಲಿನ ಬಣವೆಯ ಮೇಲೆ ಬಿಸಿಲಿಗಿಟ್ಟೆ. ನಾಲ್ಕು ದಿನ ಅತ್ತ ಹೋಗಿ ಇತ್ತ ಬಂದು ತಟ್ಟಿ ನೋಡಿದೆ. ಡಬ್ ಎಂದಿತು. ನೀರು ಹೊಯ್ದೆ, ಒಂದು ತೊಟ್ಟು ಇಳಿಯಲಿಲ್ಲ. ಮೇಲೆ ರುಬ್ಬುಗುಂಡು ಇಟ್ಟೆ, ಬಗ್ಗಲಿಲ್ಲ. ಮೂಸಿದೆ, ನನ್ನ ಮೂಗಿಗೆ ಏನೂ ಸಿಗಲಿಲ್ಲ. ಹೆಣ್ಣಿನ ಕೆನ್ನೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ನನ್ನ ಜನ್ಮದಲ್ಲಿ ಅಂಥ ತಟ್ಟೆ ಕಂಡಿರಲಿಲ್ಲ. ಸಾಬರು ಸುಳ್ಳು ಹೇಳಿಲ್ಲ ಎಂದು ಗೊತ್ತಾಗಿ ಸ್ವಲ್ಪ ಬೇಜಾರೂ ಆಯಿತು.

ನಾಲ್ಕನೇ ಜ್ವರ ಎದ್ದಿತು. ಹುಳು ಒಂದೇ ಸಮನೆ ದಪ್ಪವಾಗುತ್ತಾ ಬಂತು. ಆಗ ಅವುಗಳನ್ನು ಬಿಡಿಸಿ ಅಗಲಕ್ಕೆ ಹಾಕಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಬಿದ್ದು ಕೆಡುತ್ತವೆ. ಬಿಡಿಸುವ ದಿನ ಒಂದು ತಟ್ಟೆ ಕಡಿಮೆ ಬಿತ್ತು. ಕಡಿಮೆ ಬಿದ್ದ ಕೂಡಲೇ ನನಗೆ ನೆನಪಾದದ್ದು ಯಾವುದು ಎಂದು ನೀವೇ ಹೇಳಿ. ಸುಮ್ಮನೆ ಬಣವೆಯ ಮೇಲೆ ಯಾಕಿರಬೇಕು? ತಂದು ಹುಳು ಹಾಕಿ, ಸೊಪ್ಪು ಹೊದಿಸಿದೆ.

ಮಾರನೇ ದಿನ ಬೆಳಗ್ಗೆ ಹುಳು ಮನೆಗೆ ಹೋದರೆ ಎಲ್ಲ ಕಡೆ ಸೊಪ್ಪು ಕಡಿಯುವ ಸದ್ದು, ಎಲೆಯ ಮೇಲೆ ಹನಿ ಬಿದ್ದ ಹಾಗೆ. ನನ್ನ ಮೂಲೆಯಲ್ಲಿ ಮಾತ್ರ ಒಂದು ಕಡೆ ಸದ್ದಿಲ್ಲ. ನೋಡಿದರೆ ಹುಳು ತಲೆ ಎತ್ತಿ ಅತ್ತಿತ್ತ ತೂಗುತ್ತಿವೆ. ಕೆಲವು ಹಸಿರು ನೀರು ಕಕ್ಕಿವೆ. ಮಿಕ್ಕವು ಸೊಪ್ಪು ಬಿಟ್ಟು ಅಂಚಿಗೆ ಓಡಿ ಬಂದು ಕೂತಿವೆ. ಇವತ್ತು ಒಂದು ತಟ್ಟೆ, ನಾಳೆ ಇಡೀ ಮನೆ. ತಟ್ಟೆ ನೋಡಲಿಲ್ಲ ನಾನು, ಕಿಟಕಿಯಾಚೆ ಸಾಬರ ಶೆಡ್ಡು ನೋಡಿದೆ. ಕದ್ದು ಮುಚ್ಚಿ ಡಬ್ಬ ತೆಗೆದಿದ್ದಾರೆ! ನಾನು ಸೊಪ್ಪು ಹಾಕುವ ಹೊತ್ತು ನೋಡಿಕೊಂಡು ತೆಗೆದಿದ್ದಾರೆ!

ಮಗ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಧಾರಣೆ ತಿಳಿದುಕೊಂಡು ಬರಲು ಹೋಗಿದ್ದ. ಒಳ್ಳೆಯದೇ ಆಯಿತು, ಅಡ್ಡ ಬರುವವರು ಇರಲಿಲ್ಲ. ಶೆಡ್ಡಿಗೆ ನುಗ್ಗಿದೆ.

"ಮಾತು ಕೊಟ್ಟಿದ್ರಲ್ಲ ಸಾಬ್ರೇ, ಎಲ್ಲಿ ಹೋಯ್ತು ಮಾತು? ನನ್ನ ಹುಳು ಕಕ್ತಾ ಇದೆ!"

ಸಾಬರು ಸೂಜಿ ಕೆಳಗಿಟ್ಟರು. "ನಾನು ಡಬ್ಬ ಮುಟ್ಟಿಲ್ಲ ಅಮ್ಮ. ನೋಡಿ, ಮುಚ್ಚಳದ ಮೇಲೆ ಟೇಪ್ ಹಾಗೇ ಇದೆ."

"ಟೇಪ್ ಹಚ್ಚೋಕೆ ಎಷ್ಟು ಹೊತ್ತು ಬೇಕು?"

"ಬ್ರಷ್ ನೋಡಿ, ಒಣಗಿದೆ."

"ತೊಳೆದಿದ್ದೀರಿ."

"ರೆಕ್ಕೆ ನೋಡಿ, ಬಟ್ಟೆ ಇನ್ನೂ ಜೋಲು ಬಿದ್ದಿದೆ. ಬಳಿದಿದ್ರೆ ಬಿಗೀತಿತ್ತು."

"ಎಲ್ಲದಕ್ಕೂ ಸಾಕ್ಷಿ ರೆಡಿ ಇಟ್ಕೊಂಡಿದ್ದೀರಲ್ಲ! ನಿಜ ಹೇಳೋರ ಹತ್ರ ಇಷ್ಟೊಂದು ಸಾಕ್ಷಿ ಇರಲ್ಲ. ಇವತ್ತೇ ಶೆಡ್ಡು ಖಾಲಿ ಮಾಡಿ."

ಅವರು ಲಾರಿಯವನಿಗೆ ಫೋನು ಮಾಡಿದರು. ಆಮೇಲೆ ರೆಕ್ಕೆಯ ಮೇಲೆ ಕೈ ಸವರಿ ಮೆತ್ತಗೆ ಹೇಳಿದರು: "ಹೋಗ್ತೀನಿ ಅಮ್ಮ. ಆದ್ರೆ ಡೋಪ್ ಕುಡೀದಿರೋ ಬಟ್ಟೆ ಇದು. ಲಾರೀಲಿ ಕುಲುಕಿದ್ರೆ ಹೊಲಿಗೆ ಹೊಲಿಗೆಗೂ ಹರಿಯುತ್ತೆ. ಎಲ್ಲಾ ಮೊದಲಿಂದ ಮಾಡಬೇಕು."

"ಹರೀಲಿ. ನನ್ನ ಹುಳೂನೂ ಮೊದಲಿಂದ ಮಾಡಬೇಕು."

ಆ ಹೊತ್ತಿಗೆ ಸೊಸೆ ಹುಳು ಮನೆಯ ಬಾಗಿಲಿಂದ ಕೂಗಿದಳು. "ಅತ್ತೆ, ಒಂದ್ ನಿಮಿಷ ಬರ್ತೀರಾ?"

"ಜಗಳ ಆಡ್ತಿದೀನಿ ಕಣೇ, ಕಾಣಲ್ವಾ?"

"ಅದನ್ನ ಆಮೇಲೆ ಆಡೋರಂತೆ. ಬನ್ನಿ."

ಹೋದೆ. ಸವಿತಾ ಜಾಸ್ತಿ ಮಾತಿನವಳಲ್ಲ. ಅದಕ್ಕೇ ಅವಳ ಮೇಲೂ ನನಗೆ ಒಂದು ಕಣ್ಣು. "ಸ್ಟ್ಯಾಂಡಿನ ಹುಳು ಎಲ್ಲಾ ಚೆನ್ನಾಗಿ ತಿಂತಾ ಇದೆ ಅತ್ತೆ. ಶೆಡ್ ಕಡೆ ಕಿಟಕಿ ಪಕ್ಕದಲ್ಲಿರೋವೂ ತಿಂತಾ ಇವೆ. ನಿಮ್ಮ ಮಿಕ್ಕ ತಟ್ಟೆಗಳಲ್ಲೂ ತಿಂತಾ ಇವೆ. ಇದೊಂದರಲ್ಲೇ ಯಾಕೆ?"

"ವಾಸನೆ ಬಂದಾಗ ಇದಕ್ಕೇ ಮೊದಲು ಬಡಿದಿರುತ್ತೆ."

"ಮಿಕ್ಕಿದ್ದೆಲ್ಲಾ ದಾಟ್ಕೊಂಡು, ಮೂಲೇಲಿರೋ ಇದಕ್ಕೆ ಬಂದು ಬಡೀತಾ?"

ಅವಳು ಹುಳುವನ್ನು ಸೊಪ್ಪಿನ ಸಮೇತ ಬೇರೆ ಕಡೆಗೆ ಎತ್ತಿ, ಆ ತಟ್ಟೆಯನ್ನು ಬೆಳಕಿಗೆ ಹಿಡಿದಳು.

"ಇದಕ್ಕೆ ಏನು ಬಳಿದಿದ್ದೀರಿ ಅತ್ತೆ?"

"ಸಗಣಿ."

"ಸಗಣಿ ಹೀಗೆ ಮಿರಮಿರ ಅನ್ನುತ್ತಾ?"

"ಹಸು ಚೆನ್ನಾಗಿ ತಿಂದಿತ್ತು."

ಅವಳು ಬೆರಳಿಂದ ತಟ್ಟಿದಳು. ಡಬ್ ಎಂದಿತು. ಒಂದು ತಟ್ಟೆ ಹೀಗೆ ತನ್ನ ಯಜಮಾನಿಯ ಮರ್ಯಾದೆ ತೆಗೆಯಬಾರದು. ಅವಳು ನಗಲಿಲ್ಲ, ಮೂಗಿನ ಹತ್ತಿರ ಹಿಡಿದು, "ರಾತ್ರಿಯೆಲ್ಲಾ ಸೊಪ್ಪಿನ ತೇವ, ಹುಳುವಿನ ಬಿಸಿ ತಗುಲಿ ವಾಸನೆ ಮತ್ತೆ ಎದ್ದಿದೆ ನೋಡಿ" ಎಂದಳು. ಮೂಸಿದೆ. ಉಗುರಿಗೆ ಬಣ್ಣ ಹಚ್ಚಿಕೊಳ್ಳುವ ಒಂದು ಊರಿನ ಹುಡುಗಿಯರಲ್ಲ, ಒಬ್ಬಳೇ ಹುಡುಗಿ, ಅದೂ ಆಚೆ ಮನೆಯಲ್ಲಿ. ಆದರೂ ಇದ್ದಳು.

ಇಷ್ಟು ವರ್ಷ ಅಳಿಯನನ್ನು ಮೂಸಿದೆ, ಸೊಪ್ಪಿನವನನ್ನು ಮೂಸಿದೆ, ಸಾಬರ ಡಬ್ಬ ಮೂಸಿದೆ. ನನ್ನ ಕೈಯಿಂದ ಒಳಗೆ ಹೋಗುವುದನ್ನು ಮಾತ್ರ ಯಾರು ಮೂಸಬೇಕು ಎಂದು ಯೋಚಿಸಿಯೇ ಇರಲಿಲ್ಲ.

ಹುಳುವನ್ನು ಸಗಣಿ ತಟ್ಟೆಗಳಿಗೆ ಹಂಚಿ ಹೊಸ ಸೊಪ್ಪು ಹಾಕಿದೆವು. ಸೊಸೆ ಕಿಟಕಿಗಳನ್ನೆಲ್ಲ ತೆರೆದಳು. ಮಧ್ಯಾಹ್ನದ ಹೊತ್ತಿಗೆ ಕೆಲವು ಮತ್ತೆ ಎಲೆಗೆ ಬಾಯಿ ಹಾಕಿದವು. ಕೆಲವು ಹಾಕಲೇ ಇಲ್ಲ. ಲಾರಿ ಬರುವ ಹೊತ್ತಾಗುತ್ತಿತ್ತು. ತಪ್ಪಾಯಿತು ಎನ್ನುವ ಮಾತು ನನ್ನ ನಾಲಿಗೆಗೆ ಹೊರಳುವುದಿಲ್ಲ. ಹಲ್ಲಿಲ್ಲದ ಬಾಯಿಗೆ ಚಕ್ಕುಲಿ ಕೊಟ್ಟ ಹಾಗೆ. ಶೆಡ್ಡಿನ ಬಾಗಿಲಲ್ಲಿ ನಿಂತು, "ಲಾರಿಯವನಿಗೆ ಬರಬೇಡ ಅನ್ನಿ" ಎಂದೆ.

ಸಾಬರು ಮಿಕ್ಕ ಬಟ್ಟೆ ಸುತ್ತುತ್ತಾ ಇದ್ದರು. "ಯಾಕಮ್ಮ? ಹುಳು?"

"ಹುಳು ತಿಂತಾ ಇದೆ. ವಾಸನೆ ಇಲ್ಲಿಂದ ಬಂದದ್ದಲ್ಲ."

"ಮತ್ತೆ ಎಲ್ಲಿಂದ ಬಂತು?"

ನಾನು ಪಂಪ್ ಹೌಸಿನ ಕಡೆ ನೋಡಿದೆ. ಅವರೂ ಅದೇ ಕಡೆ ನೋಡಿದರು. ಚಿಕ್ಕ ಡಬ್ಬಿ ನೆನಪಾಗಿರಬೇಕು.

"ಓಹೋ. ಏನಕ್ಕೆ ಬಳಿದ್ರಿ ಅಮ್ಮ?"

"ತಟ್ಟೆಗೆ."

"ಹುಳು ತಟ್ಟೆಗಾ? ಅಲ್ಲಮ್ಮ, ನಮ್ಮ ಮನೇಲಿ ಗೂಡು ಬಂದ ಮೇಲಿನ ಕಥೆ ಗೊತ್ತಿತ್ತು, ಹುಳದ ಕಥೆ ಗೊತ್ತಿಲ್ಲ. ಆದ್ರೂ ನನಗೇ ಹೆದರಿಕೆ ಆಗುತ್ತೆ. ನಿಮಗೆ ವಾಸನೆ ಬರಲಿಲ್ವಾ?"

"ನಿಮಗೆ ಬರ್ತಿತ್ತಾ?"

"ನನಗೆಲ್ಲಿ ಬರಬೇಕು? ಬೇಯಿಸಿದ ಗೂಡಿನ ನಾತದಲ್ಲಿ ಹುಟ್ಟಿ, ಡೋಪ್ ಹೊಗೇಲಿ ಮುದುಕ ಆದೋನು. ನನ್ನ ಮೂಗು ನನಗಿಂತ ಮೊದಲೇ ರಿಟೈರ್ ಆಯ್ತು." ಆಮೇಲೆ ದನಿ ತಗ್ಗಿಸಿ ಕೇಳಿದರು: "ಹೋಗಲಿ, ಬಿಗೀತಾ?"

"ಬಿಗೀತು."

"ನೀರು ಹಾಕಿದ್ರಾ?"

"ಇಳೀಲಿಲ್ಲ."

"ಭಾರ?"

"ರುಬ್ಬುಗುಂಡು ಇಟ್ಟೆ. ತಡ್ಕೊಳ್ತು."

ಅವರ ಮುಖ ಅರಳಿತು. "ಹಾಗಾದ್ರೆ ವಿಮಾನ ರೆಡಿಯಾದಾಗ ನಿಮ್ಮನ್ನೇ ಮೊದಲು ಕೂರಿಸಬೇಕು. ಹತ್ತೀರಾ?"

"ಹತ್ತಲ್ಲ."

ಅವತ್ತು ಮಧ್ಯಾಹ್ನ ಅವರಿಗೆ ಮುದ್ದೆ, ಹುರುಳಿ ಬಸ್ಸಾರು ಕಳಿಸಿದೆ. ಕೊಟ್ಟು ಬಂದ ಸೊಸೆ ಹೇಳಿದಳು: ಸಾಬರು ತಟ್ಟೆಯ ತಳವನ್ನು ತಿರುಗಿಸಿ ನೋಡಿ, "ಇದಕ್ಕೆ ಏನೂ ಬಳಿದಿಲ್ಲ ತಾನೆ?" ಎಂದು ಕೇಳಿ ಆಮೇಲೆ ಊಟ ಮಾಡಿದರಂತೆ. ಸಹವಾಸದಿಂದ ಜನ ಎಷ್ಟು ಬೇಗ ಕಲಿಯುತ್ತಾರೆ!

ಹುಳು ಹಣ್ಣಾಗಿ ಚಂದ್ರಂಕಿ ಹತ್ತಿತು. ಆ ತಟ್ಟೆಯಲ್ಲಿ ರಾತ್ರಿ ಕಳೆದ ಹುಳುವಿನ ಗೂಡು ಮಾತ್ರ ತೆಳ್ಳಗೆ, ಒತ್ತಿದರೆ ಒಳಕ್ಕೆ ಹೋಗುವ ಹಾಗೆ ಇತ್ತು, ಡೋಪು ಬಳಿಯುವ ಮುಂಚಿನ ರೆಕ್ಕೆಯಂತೆ. ಮಿಕ್ಕದ್ದೆಲ್ಲ ಗಟ್ಟಿ ಗೂಡು. ಮಾರುಕಟ್ಟೆಯಲ್ಲಿ ಯಾರೂ ಮೂಗು ಮುರಿಯಲಿಲ್ಲ. ಗೂಡು ಬಿಡಿಸಿದ ದಿನವೇ ಸಾಬರಿಗೆ ಡಬ್ಬ ತೆಗೆಯಲು ಹೇಳಿದೆ. ಮಳೆಗೆ ಮುಂಚೆ ಮುಗಿಸಬೇಕೆಂದು ಹಗಲೆಲ್ಲ ಬಳಿದರು. ಬಳಿಯುವುದು, ಒಣಗಿಸುವುದು, ಮರಳು ಕಾಗದದಲ್ಲಿ ಉಜ್ಜುವುದು, ಮತ್ತೆ ಬಳಿಯುವುದು. ಆಮೇಲೆ ಬೆಳ್ಳಿಯ ಬಣ್ಣದ್ದೊಂದು ಬಳಿದರು. "ಬೆಳ್ಳಿನಾ?" ಎಂದರೆ, "ಅಲ್ಯೂಮಿನಿಯಂ ಪುಡಿ ಅಮ್ಮ, ಬಿಸಿಲು ಬಟ್ಟೇನ ತಿನ್ನದ ಹಾಗೆ" ಎಂದರು. ಎಲ್ಲದರ ಮೇಲೆ ಹಳದಿ. ಬೆಳ್ಳಿ ಬಣ್ಣವನ್ನು ಯಾರಿಗೂ ಕಾಣದ ಹಾಗೆ ಒಳಗೆ ಮುಚ್ಚಿಡುವುದು ಯಾಕೆ ಎಂದು ನನಗೆ ಇವತ್ತಿಗೂ ಸಮಾಧಾನವಾಗಿಲ್ಲ.

ಲಾರಿಗೆ ಹಾಕುವ ದಿನ ರೆಕ್ಕೆಯನ್ನು ತಟ್ಟಿ ನೋಡಿದೆ. ಡಬ್ ಎಂದಿತು. ಇನ್ನೊಂದು ರೆಕ್ಕೆಯನ್ನೂ ತಟ್ಟಿದೆ, ಒಂದು ಸರಿ ಇದ್ದ ಮಾತ್ರಕ್ಕೆ ಇನ್ನೊಂದೂ ಸರಿ ಇರಬೇಕೆಂದಿಲ್ಲ. ಅದೂ ಡಬ್ ಎಂದಿತು. ಆ ವಿಮಾನ ಹಾರಿತಂತೆ. ಸಾಬರು ಫೋನಿನಲ್ಲಿ ಚಿತ್ರ ತೋರಿಸಿದರು, ಹಳದಿ ಹಕ್ಕಿಯ ಹಾಗೆ ಮೋಡದ ಕೆಳಗಿತ್ತು. ಫೋನಿಗೆ ಏನು ಎಂದು ಆಗಲೇ ಹೇಳಿದ್ದೇನೆ.

ನನ್ನ ಆ ತಟ್ಟೆ ಈಗ ಅಡುಗೆ ಮನೆಯ ಸೂರಿನ ಮೇಲೆ ಸಂಡಿಗೆ ಒಣಗಿಸಲು ಇದೆ. ಮೊದಲನೆಯ ಸಲ ಒಣಗಿಸಿದ ಸಂಡಿಗೆಯನ್ನು ಮನೆಯವರು ಯಾರೂ ತಿನ್ನಲಿಲ್ಲ. ತೊಂಡೇಬಾವಿಗೆ ಕಳಿಸಿದೆ. ಅಳಿಯ ತಿಂದು ಚೆನ್ನಾಗಿತ್ತು ಎಂದು ಹೇಳಿ ಕಳಿಸಿದ್ದಾನೆ. ಅವನು ಯಾಕೆ ಹಾಗೆ ಹೇಳಿದ ಎಂದು ಯೋಚಿಸುತ್ತಿದ್ದೇನೆ.

ಹೊಸ ಹುಳು ಬಂದಿದೆ. ಬೆಳಗ್ಗೆ ಸೊಪ್ಪಿನ ಬುಟ್ಟಿ ಹಿಡಿದು ಹುಳು ಮನೆಯ ಬಾಗಿಲಿಗೆ ಹೋದರೆ ಸವಿತಾ ಅಡ್ಡ ನಿಲ್ಲುತ್ತಾಳೆ. "ಕೈ ತೋರಿಸಿ ಅತ್ತೆ" ಎನ್ನುತ್ತಾಳೆ. ಎರಡೂ ಕೈ ಚಾಚುತ್ತೇನೆ. ಬಗ್ಗಿ ಮೂಸುತ್ತಾಳೆ, ಆಮೇಲೆ ಸೆರಗು, ಆಮೇಲೆ ಬುಟ್ಟಿಯ ತಳ. ಈ ಮನೆಯಲ್ಲಿ ಇಂಥ ಶಿಸ್ತು ತಂದವಳು ನಾನೇ ಆದ್ದರಿಂದ ಏನೂ ಅನ್ನುವ ಹಾಗಿಲ್ಲ. ಆದರೆ ಮೂಸಲು ಅಷ್ಟು ಹೊತ್ತು ಬೇಕಾಗುವುದಿಲ್ಲ, ಅದು ನನಗೆ ಗೊತ್ತು. ಅಳಿಯನನ್ನು ಕೊಟ್ಟಿಗೆಗೆ ಕಳಿಸಿದ ದಿನ ನಾನೂ ಬೇಕೆಂದೇ ಸ್ವಲ್ಪ ಹೆಚ್ಚು ಹೊತ್ತು ಮೂಸಿದ್ದೆ.